ನೀರು ಸೋಕದ ಕತ್ತರಿ

ಕರಿಯಕ್ಕನ ಕೈಗೆ ಒಂದು ಕಾಲದಲ್ಲಿ ಎಂಥ ಬೇಡಿಕೆ ಅಂತೀರಿ! ಬಿ.ಜಿ. ಕೆರೆಯಿಂದ ರಾಂಪುರದವರೆಗೆ ದಾಳಿಂಬೆ ತೋಟ ಇದ್ದವರೆಲ್ಲ ಕಟಿಂಗ್ ಕಾಲ ಬಂತೆಂದರೆ ಅವಳ ಬಾಗಿಲಿಗೆ ಬೈಕು ತಂದು ನಿಲ್ಲಿಸುತ್ತಿದ್ದರು. ಗಿಡ ಸವರುವ ಹೆಂಗಸರು ಬೇಕಾದಷ್ಟು ಜನ ಸಿಗುತ್ತಿದ್ದರು. ಆದರೆ ಮೊದಲ ಕೊಂಬೆಗೆ ಕತ್ತರಿ ಹಾಕುವುದು ಮಾತ್ರ ಕರಿಯಕ್ಕನೇ ಆಗಬೇಕು. ಅವಳ ಕೈಗುಣ ಅಂಥದ್ದು ಎಂದು ಎಲ್ಲರೂ ನಂಬಿದ್ದರು. ನಂಬಿದವರಲ್ಲಿ ಅವಳೂ ಒಬ್ಬಳು.

ಆಯುಧಪೂಜೆಯ ದಿನ ಕತ್ತರಿಗೆ ಅರಿಶಿನ ಕುಂಕುಮ ಹಚ್ಚಿ ದೇವರ ಮುಂದಿಟ್ಟಳೆಂದರೆ ಮುಗಿಯಿತು, ಆಮೇಲೆ ಕಟಿಂಗ್ ತೀರುವವರೆಗೆ ಅದಕ್ಕೆ ನೀರು ಸೋಕಿಸುವಂತಿಲ್ಲ. ತೊಳೆದರೆ ಗುಣ ಹೋಗುತ್ತದಂತೆ. ಗಿಡದ ಅಂಟು ಮೆತ್ತಿದರೆ ಸೆರಗಿನಲ್ಲಿ ಒರೆಸಿಕೊಳ್ಳಬೇಕು, ಅಷ್ಟೇ. ಜೊತೆಯ ಹೆಂಗಸರು ಕೆಲಸಕ್ಕೆ ಇಳಿಯುವ ಮೊದಲು ತಮ್ಮ ಕತ್ತರಿಯ ಬಾಯನ್ನು ಅವಳ ಕತ್ತರಿಗೆ ಮುಟ್ಟಿಸಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ತೋಟದವರು ಪಕ್ಕದಲ್ಲಿ ನಿಂತು ಕೈಮುಗಿಯುತ್ತಿದ್ದರು.

ಈ ಸಲ ಕಟಿಂಗ್ ಮುಗಿದು ಹೊಸ ಚಿಗುರು ಬರುವ ಹೊತ್ತಿಗೆ ಹಾಳು ಜಡಿಮಳೆ ಹಿಡಿಯಿತು. ರಾಂಪುರದ ಕಮಲಾಕ್ಷಮ್ಮನ ತೋಟದಲ್ಲಿ ಎಲೆಗಳ ಮೇಲೆ ಎಣ್ಣೆ ಹನಿ ಬಿದ್ದಂತೆ ಚುಕ್ಕೆ ಕಾಣಿಸಿದವು. ನೋಡನೋಡುತ್ತ ಚುಕ್ಕೆ ಕಪ್ಪಾದವು, ಎಲೆ ಉದುರಿತು, ನಿಂಬೆ ಗಾತ್ರದ ಕಾಯಿಗಳು ಬಾಯಿಬಿಟ್ಟವು. ಗೊಬ್ಬರದ ಅಂಗಡಿಯ ಅಂಜನ್ ಒಂದು ಕಾಯಿ ಹಿಡಿದು ನೋಡಿ ಅಂಗಮಾರಿ ರೋಗ ಎಂದ.

ಕಮಲಾಕ್ಷಮ್ಮ ರೋಗದ ಹೆಸರನ್ನು ಕಿವಿಗೆ ಹಾಕಿಕೊಳ್ಳಲಿಲ್ಲ, ಕಾರಣವನ್ನು ಆಗಲೇ ಹುಡುಕಿಕೊಂಡಿದ್ದಳು. ಬೇಸಿಗೆಯಲ್ಲಿ ಮಗ ನಾಗರಾಜನನ್ನು ಮದುವೆಯಾಗಿ ಬಂದವಳು ಆಶಾ. ಅವಳು ಬಂದ ಮೇಲೆ ಬೋರಿನ ಮೋಟರು ಸುಟ್ಟಿತ್ತು, ಹಸು ತಿಂಗಳು ತುಂಬದೆ ಕಂದು ಹಾಕಿತ್ತು, ಈಗ ತೋಟ.

"ಇವಳು ಕಾಲಿಟ್ಟಿದ್ದೇ ಇಟ್ಟಿದ್ದು, ಮನೆ ಹಾಳಾಗೋತು ನೋಡು ಕರಿಯಕ್ಕ," ಎಂದಳು, ಸೊಸೆ ಅಲ್ಲೇ ಟೀ ಲೋಟ ಹಿಡಿದು ನಿಂತಿದ್ದಾಗಲೇ.

"ಹೂಂ ಅಮ್ಮಾರೆ, ಒಬ್ಬೊಬ್ಬರ ಕಾಲ್ಗುಣ ಹಂಗೇ," ಎಂದುಬಿಟ್ಟಳು ಕರಿಯಕ್ಕ. ತನ್ನ ಕೈಯ ಮಾತು ಬರಲಿಲ್ಲವಲ್ಲ ಎಂದು ಅವಳಿಗೆ ಒಳಗೊಳಗೇ ನಿರಾಳವಾಗಿತ್ತು. ಆ ವಾರವೇ ಆಶಾಳನ್ನು ಒಂದು ಬ್ಯಾಗಿನ ಜೊತೆ ಉಳ್ಳಾರ್ತಿ ಕಡೆಯ ತವರಿಗೆ ಕಳಿಸಿಬಿಟ್ಟರು. ನಾಗರಾಜ ಬಸ್ಸು ಹತ್ತಿಸಿ ಬಂದ.

ಅಲ್ಲಿಗೆ ಮುಗಿದಿದ್ದರೆ ಕರಿಯಕ್ಕನಿಗೆ ಏನೂ ಆಗುತ್ತಿರಲಿಲ್ಲ. ಆದರೆ ಇನ್ನೊಂದು ತೋಟದಲ್ಲಿ ಚುಕ್ಕೆ ಬಂತು, ಮತ್ತೊಂದರಲ್ಲೂ ಬಂತು. ಅಲ್ಲೆಲ್ಲ ಯಾವ ಹೊಸ ಸೊಸೆಯೂ ಕಾಲಿಟ್ಟಿರಲಿಲ್ಲ, ಕಾಲಿಟ್ಟವಳು ತಾನೇ. ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ, ಉಂಡಿದ್ದು ಮೈಗೆ ಹತ್ತಲಿಲ್ಲ. ಕೊನೆಗೆ ಅಂಜನ್‌ನ ಅಂಗಡಿಗೆ ಹೋಗಿ, ಬೇರೆ ಯಾರಿಗೋಸ್ಕರ ಕೇಳುವವಳ ಹಾಗೆ, ಈ ರೋಗ ಹೇಗೆ ಹರಡುತ್ತದೆಂದು ಕೇಳಿದಳು.

"ರೋಗದ ಗಿಡ ಕಡಿದ ಕತ್ತರೀಲೇ ಬೇರೆ ಗಿಡ ಕಡಿದ್ರೆ ಅಲ್ಲಿಗೂ ಹೋಗ್ತೈತೆ ಅಕ್ಕ. ಒಂದೊಂದು ಗಿಡಕ್ಕೂ ಔಷಧಿ ನೀರಲ್ಲಿ ಅದ್ದಿ ತೆಗೀಬೇಕು," ಎಂದ ಅವನು.

"ನಿನ್ನ ತಲೆ! ಪೂಜೆ ಮಾಡಿದ ಕತ್ತರೀನ ನೀರಿಗೆ ಅದ್ದು ಅಂತೀಯಲ್ಲೋ," ಎಂದು ಬೈದು ಬಂದಳು. ಬೈದಿದ್ದೇನೋ ಸರಿ, ದಾರಿಯುದ್ದಕ್ಕೂ ಅವನ ಮಾತು ಬಿಡಲಿಲ್ಲ.

ಅವಳ ಮನೆಯ ಮುಂದೆ ಒಂದು ದಾಳಿಂಬೆ ಗಿಡವಿತ್ತು. ಯಾರು ಎಷ್ಟು ಕೇಳಿದರೂ ಅದಕ್ಕೆ ಕತ್ತರಿ ತಾಗಿಸಿದವಳಲ್ಲ, ಮಗುವಿನಂತೆ ಸಾಕಿದ್ದಳು. ಮರುದಿನ ಬೆಳಿಗ್ಗೆ ಇನ್ನೂ ನೀರು ಸೋಕದ ಅದೇ ಕತ್ತರಿ ತಂದು ಬೀದಿ ಕಡೆಯ ಕೊಂಬೆಗಳ ತುದಿ ಕತ್ತರಿಸಿದಳು, ಗೋಡೆ ಕಡೆಯವನ್ನು ಬಿಟ್ಟಳು. ಆಮೇಲೆ ಶುರುವಾಯಿತು ನೋಡಿ ಅವಳ ಪರದಾಟ. ಎದ್ದ ಕೂಡಲೇ ಎಲೆ ನೋಡಬೇಕು, ಒಲೆ ಮೇಲೆ ಅನ್ನ ಇಟ್ಟು ಹೊರಗೆ ಬಂದು ನೋಡಬೇಕು, ಸೀದ ವಾಸನೆಗೆ ಒಳಗೆ ಓಡಬೇಕು. ಜುಂಜಪ್ಪನಿಗೆ ಹರಕೆ ಹೊತ್ತಳು. ಆದರೆ ಒಂದು ದಿನ ಬೀದಿ ಕಡೆಯ ಎಲೆಗಳ ಮೇಲೆ ಆ ಎಣ್ಣೆಚುಕ್ಕೆ ಬಂದೇಬಂತು. ಗೋಡೆ ಕಡೆ ಒಂದೂ ಇರಲಿಲ್ಲ. ಕರಿಯಕ್ಕ ಜಗಲಿ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು.

ಸುಮ್ಮನಿರಬಹುದಿತ್ತು. ಯಾರಿಗೆ ಗೊತ್ತಾಗುತ್ತಿತ್ತು? ಆದರೆ ಟೀ ಲೋಟ ಹಿಡಿದು ನಿಂತಿದ್ದ ಆ ಹುಡುಗಿಯ ಮುಖ ಕಣ್ಣ ಮುಂದೆ ಬರುತ್ತಿತ್ತು, ಏನು ಮಾಡುವುದು. ರಾಂಪುರದ ಬಸ್ಸು ಹತ್ತಿ ಹೋಗಿ ಕಮಲಾಕ್ಷಮ್ಮನ ಎದುರು ನಿಂತು ಎಲ್ಲ ಹೇಳಿದಳು.

"ಅಯ್ಯಯ್ಯೋ, ಹಂಗಾದ್ರೆ ನಮ್ಮ ತೋಟಕ್ಕೆ ಮಾರಿ ಹೊತ್ಕಂಡು ಬಂದೋಳು ನೀನೇನೇ!"

"ತೊಳೆದ್ರೆ ಹೋಗ್ತೈತಂತೆ ಅಮ್ಮಾರೆ. ಎಲ್ಲರಿಗೂ ಹೇಳೋಣ, ಇನ್ಮೇಲೆ ತೊಳ್ಕಂಡೇ..."

"ಕತ್ತರಿ ತೊಳೀತೀಯ, ನಿನ್ನ ದರಿದ್ರದ ಕೈಯ ಏನ್ ಮಾಡ್ತೀಯ? ಇನ್ನೊಂದು ಸಲ ನಮ್ಮ ಬೇಲಿ ಮುಟ್ಟಿದ್ರೆ ನೋಡು!"

ರೋಗ ಕಬ್ಬಿಣಕ್ಕೆ ಅಂಟಿದ್ದು, ತೊಳೆದರೆ ಬಿಡುವಂಥದ್ದು ಎಂದು ಹೇಳಲು ಬಂದಿದ್ದಳು ಕರಿಯಕ್ಕ. ಕಮಲಾಕ್ಷಮ್ಮನಿಗೆ ಬೇಕಿದ್ದದ್ದು ತಪ್ಪು ಹೊರಿಸಲು ಒಬ್ಬ ಹೆಂಗಸು. ಸೊಸೆಯ ಮೇಲಿದ್ದದ್ದನ್ನು ತೆಗೆದು ಇವಳ ಮೇಲೆ ಹಾಕಿದಳು, ಅಷ್ಟೇ. ಸುದ್ದಿ ಹಬ್ಬಿತು, ಬೈಕುಗಳು ಬರುವುದು ನಿಂತಿತು. ಹೋಗಲಿ, ಹುಡುಗಿಯಾದರೂ ಮನೆ ಸೇರುತ್ತಾಳಲ್ಲ ಎಂದು ಅವಳು ಹಲ್ಲು ಕಚ್ಚಿ ಸಹಿಸಿಕೊಂಡಳು.

ಮುಂದಿನ ಭಾನುವಾರ ನಾಗರಾಜ ಬೈಕು ತಂದ. "ನೀನೂ ಬಾ ಕರಿಯಕ್ಕ, ನಿನ್ನ ಬಾಯಿಂದಲೇ ಅವಳಿಗೆ ಹೇಳು," ಎಂದ. ಚಳ್ಳಕೆರೆ ದಾಟಿ ಆಶಾಳ ಊರು ಸೇರಿದಾಗ ಅವಳು ಅಂಗಳದಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು. ಕರಿಯಕ್ಕ ಹೇಳಿದ್ದನ್ನೆಲ್ಲ ತಲೆ ಎತ್ತದೆ ಕೇಳಿದಳು. ಅವಳ ತಾಯಿ ಯರ್ರಮ್ಮನಿಗೆ ಹಿಡಿಸಲಾರದಷ್ಟು ಸಂತೋಷ, ಮಗಳ ಬಟ್ಟೆ ಮಡಚಲು ಒಳಗೆ ಓಡಿದಳು.

"ಅವ್ವನೇ ಕರ್ಕಂಡು ಬಾ ಅಂದೈತೆ. ನಿನ್ನದೇನೂ ತಪ್ಪಿಲ್ಲಂತೆ, ಏಳು," ಎಂದ ನಾಗರಾಜ.

"ಗಿಡದ್ದು ಕತ್ತರಿಯಿಂದ ಅಂತ ಆತು. ನಾಳೆ ಇನ್ನೇನಾದ್ರೂ ಹಾಳಾದ್ರೆ?" ಆಶಾ ಕೇಳಿದಳು. "ಅದಕ್ಕೂ ಒಂದು ಕತ್ತರಿ ಸಿಗೋವರೆಗೂ ನಾನು ಇಲ್ಲಿಗೆ ಬಂದು ಕೂತಿರಬೇಕೇನ್ರಿ?"

ನಾಗರಾಜ ಬೈಕಿನ ಕೀಲಿ ತಿರುವುತ್ತ ನಿಂತ. "ಅವ್ವನೇ ಬಾ ಅಂದ ಮ್ಯಾಲೆ ಇನ್ನೇನು ಬೇಕು ನಿಂಗೆ?"

"ನಿಮ್ಮವ್ವ ಹೋಗು ಅಂದ್ರು, ನಿಮ್ಮವ್ವ ಬಾ ಅಂದ್ರು. ನೀವೇನಂದ್ರಿ?"

ಅವನು ಕರಿಯಕ್ಕನ ಮುಖ ನೋಡಿದ, ನೀನಾದರೂ ಹೇಳು ಎಂಬಂತೆ. ನನ್ನ ಅನ್ನ ಹೋದರೂ ನಿನಗೋಸ್ಕರ ಹೇಳಿದೆ, ಬಾ ತಾಯಿ ಎಂದು ಹೇಳಬೇಕೆಂದಿದ್ದಳು ಕರಿಯಕ್ಕ. ಕಾಲ್ಗುಣ ಎಂದಿದ್ದ ಬಾಯಲ್ಲೇ ಅದನ್ನು ಹೇಳಲು ನಾಚಿಕೆಯಾಯಿತು.

"ಅವಳು ಕೇಳಿದ್ದಕ್ಕೆ ಉತ್ತರ ಹೇಳಪ್ಪ," ಎಂದಳು.

ಅವನು ಮತ್ತೆ ಕೀಲಿ ತಿರುವತೊಡಗಿದ. ಯರ್ರಮ್ಮ ಬ್ಯಾಗು ಹಿಡಿದು ಹೊರಗೆ ಬಂದಾಗ ಆಶಾ ಇನ್ನೊಂದು ಮೊರದ ತುಂಬ ಶೇಂಗಾ ಸುರುವಿಕೊಂಡು ಕೂತಿದ್ದಳು.