ರಾಟೆಯ ಸದ್ದು

ಮೊನ್ನೆ ನಮ್ಮ ಅಪಾರ್ಟ್‌ಮೆಂಟಿನ ಸಂಪ್ ತೊಳೆದು ಬ್ಲೀಚಿಂಗ್ ಪೌಡರ್ ಹಾಕಿದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಮದರಾಸಿನ ಪುರಸೈವಾಕ್ಕಂನ ನಮ್ಮ ಹಳೆಯ ಮನೆಯ ಬಾವಿ ಕಣ್ಮುಂದೆ ಬಂತು... ಮಹಡಿಯ ಕೋಣೆಯಲ್ಲಿದ್ದ ಟೀಚರ್ ಕೂಡ.

ಅವರು ಕೋಲಾರದ ಕಡೆಯವರು. ಮದರಾಸಿನಲ್ಲಿ ಕನ್ನಡ ಮಾತಾಡುವವರು ಬಾಡಿಗೆಗೆ ಸಿಕ್ಕರೆಂಬ ಖುಷಿಯಲ್ಲಿ ಅಜ್ಜಿ ಜಾತಿ ಕೇಳುವುದನ್ನೇ ಮರೆತಿದ್ದರು. ಟೀಚರ್ ನಮ್ಮ ಬಾವಿಯಿಂದಲೇ ನೀರು ಸೇದುತ್ತಿದ್ದರು. ತಮಿಳು ಶಾಲೆಗೆ ಹೋಗುತ್ತಿದ್ದ ನನಗೆ ಸಂಜೆ ಕನ್ನಡ ಅಕ್ಷರ ತಿದ್ದಿಸುತ್ತಿದ್ದರು. ನನಗಾಗ ಎಂಟು ವರ್ಷ.

ಒಂದು ಭಾನುವಾರ ನನ್ನನ್ನು ಊರಂಚಿನ ಗಿಂಡಿ ಬಡಾವಣೆಯ ಆಚೆಗಿದ್ದ ಅವರ ಅಣ್ಣನ ಗುಡಿಸಲಿಗೆ ಕರೆದೊಯ್ದರು. ಆ ಅಣ್ಣ ನನ್ನ ಪಾದದ ಅಳತೆ ತೆಗೆದು, ಅಲ್ಲೇ ಕೂತು ಪುಟ್ಟ ಚಪ್ಪಲಿ ಹೊಲಿದುಕೊಟ್ಟರು. ಮನೆ ತಲುಪಿದ್ದೇ ಹಿಗ್ಗಿ ಒಳಗೆ ಓಡಿದೆ.

"ಯಾರೇ ಕೊಟ್ಟಿದ್ದು?" ಅಜ್ಜಿ ಕೇಳಿದರು.

"ಟೀಚರ್ ಅಣ್ಣ. ಅವರೇ ಹೊಲಿದ್ರು ಅಜ್ಜಿ!"

ಅಜ್ಜಿಯ ಮುಖ ಬಿಳಿಚಿಕೊಂಡಿತು.

ಮರುದಿನ ಅಪ್ಪ ಮೆಟ್ಟಿಲ ಬುಡದಲ್ಲಿ ತಲೆ ತಗ್ಗಿಸಿ ನಿಂತರು. "ರೂಮು ಖಾಲಿ ಮಾಡಬೇಕಮ್ಮ. ನನಗೇನಿಲ್ಲ... ಅಮ್ಮ ಒಪ್ಪಲ್ಲ. ತಪ್ಪಾ ತೊಗೋಬೇಡಿ."

"ಆರು ತಿಂಗಳು ನಾನು ಮುಟ್ಟಿದ ಬಾವಿ ನೀರೇ ಕುಡಿದಿರಲ್ಲ ಸಾರ್, ನಿಮಗೇನಾಯ್ತು? ಕಾನೂನು ಏನು ಹೇಳುತ್ತೆ ಅಂತ ನಿಮಗೂ ಗೊತ್ತು." ಟೀಚರ್ ದನಿ ಏರಿಸಲಿಲ್ಲ.

ಅವರು ಹೋದ ಮೇಲೆ ಅಜ್ಜಿ ಬಾವಿಯ ನೀರನ್ನೆಲ್ಲ ಸೇದಿ ಚೆಲ್ಲಿಸಿ, ಬ್ಲೀಚಿಂಗ್ ಪೌಡರ್ ಸುರಿಸಿ, ಪುಣ್ಯಾಹ ಮಾಡಿಸಿದರು. ನನ್ನ ಚಪ್ಪಲಿ ಕಸಕ್ಕೆ ಹೋಯಿತು.

ಆಮೇಲೆ ಶುರುವಾದದ್ದು ರಾಟೆಯ ಸದ್ದು. ಊಟ ಮುಗಿದು ಮನೆಯೆಲ್ಲ ಅಡ್ಡಾಗಿದ್ದ ಮಧ್ಯಾಹ್ನ... ಕಿರ್ರ್... ಕಿರ್ರ್... ಟೀಚರ್ ಸೇದುತ್ತಿದ್ದ ಅದೇ ನಿಧಾನದಲ್ಲಿ. ಓಡಿ ಹೋಗಿ ನೋಡಿದರೆ ಯಾರೂ ಇಲ್ಲ. ಕೊಡ ಒಣಗಿಕೊಂಡು ಕಟ್ಟೆಯ ಮೇಲಿರುತ್ತಿತ್ತು, ಹಗ್ಗದಿಂದ ಮಾತ್ರ ನೀರು ತೊಟ್ಟಿಕ್ಕುತ್ತಿತ್ತು. ಅಪ್ಪ ರಾಟೆಯನ್ನೇ ಕಳಚಿಸಿದರು. ಸದ್ದು ನಿಲ್ಲಲಿಲ್ಲ. ಅಜ್ಜಿ ಕಿವಿಗೆ ಹತ್ತಿ ತುರುಕಿಕೊಂಡರು. ಕೊನೆಗೊಂದು ದಿನ ಹಿತ್ತಲ ಬಾಗಿಲಲ್ಲಿ ನಿಂತು, ಖಾಲಿ ಬಾವಿಕಟ್ಟೆಗೆ ಕೈ ಮುಗಿದು, "ಸೇದ್ಕೊಳ್ಳಮ್ಮ... ಎಷ್ಟು ಬೇಕೋ ಸೇದ್ಕೋ" ಎಂದರು. ಅವತ್ತಿನಿಂದ ಸದ್ದು ಕೇಳಲಿಲ್ಲ. ಆ ಬಾವಿಯ ನೀರನ್ನು ಅಜ್ಜಿ ಮತ್ತೆ ಕುಡಿಯಲೂ ಇಲ್ಲ.

ಕೆಲಸಕ್ಕೆ ಸೇರಿದ ಮೇಲೆ ಟೀಚರನ್ನು ಹುಡುಕಿಕೊಂಡು ಅವರ ಶಾಲೆಗೆ ಹೋದೆ. ವರ್ಗವಾಗಿ ವರ್ಷಗಳಾದವು, ವಿಳಾಸ ಇಲ್ಲ ಎಂದರು. ಗಿಂಡಿಯಾಚೆಯ ಆ ಗುಡಿಸಲುಗಳ ಜಾಗದಲ್ಲಿ ಕಾರ್ಖಾನೆಯ ಶೆಡ್ಡುಗಳೆದ್ದಿದ್ದವು.

ಅಂದು ನಮ್ಮ ಮನೆ ಬಿಟ್ಟು ಟ್ರಂಕು ಹಿಡಿದು ಗೇಟು ದಾಟುವಾಗ ಟೀಚರ್ ತಿರುಗಿ ನನ್ನನ್ನು ನೋಡಿ ನಕ್ಕಿದ್ದರು. ಅಜ್ಜಿಗೆ ಹೇಳಿದ್ದು ನಾನೇ ಎಂದು ಗೊತ್ತಿದ್ದೇ ನಕ್ಕರೋ, ಗೊತ್ತಿಲ್ಲದೆಯೋ... ಇದ್ದರೆ ಈಗ ಅವರಿಗೆ ತೊಂಬತ್ತು ದಾಟಿರಬೇಕು. ಕೇಳಲು ನಾನು ತೀರಾ ತಡಮಾಡಿದೆ.