ಅಕ್ಕನ ಕೋಣೆಗೆ ಹಾಸಿದ ನೆಲ

ನನ್ನ ಅಕ್ಕನಿಗೆ ಚಿಕ್ಕಂದಿನಿಂದಲೂ ಮೂರ್ಛೆ ಬರುತ್ತಿತ್ತು. ದಾವಣಗೆರೆಯ ಡಾಕ್ಟರು ಬರೆದುಕೊಟ್ಟ ಗುಳಿಗೆ ನುಂಗುತ್ತಿದ್ದರೆ ಕೆಲವು ತಿಂಗಳು ತಣ್ಣಗಿರುತ್ತಿತ್ತು, ಆಮೇಲೆ ಯಾವ ಸುಳಿವೂ ಕೊಡದೆ ಬಂದು ಅವಳನ್ನು ಕೆಡವುತ್ತಿತ್ತು. ಕೊಟ್ಟೂರಿನ ನಮ್ಮ ಮನೆಯದು ಅಜ್ಜನ ಕಾಲದ ಕಲ್ಲಿನ ನೆಲ. ಅವಳ ಹುಬ್ಬಿನ ಮೇಲೆ, ಗದ್ದದ ಕೆಳಗೆ, ಕಿವಿಯ ಹಿಂದೆ ಹೊಲಿಗೆ ಹಾಕಿದ ಗುರುತುಗಳಿದ್ದವು. ತೊಂಬತ್ತರ ದಶಕದ ಕೊನೆಯಲ್ಲಿ ಒಮ್ಮೆ ಬಿದ್ದವಳು ಮುಂದಿನ ಹಲ್ಲು ಮುರಿದುಕೊಂಡಳು. ಅಪ್ಪ ಅಂದು ಬಟ್ಟೆ ಅಂಗಡಿಯ ಬಾಗಿಲನ್ನೇ ತೆಗೆಯಲಿಲ್ಲ. ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಿದ್ದವನು ಸಂಜೆಯ ಹೊತ್ತಿಗೆ, "ಇನ್ನ ಆಕಿ ಈ ಕಲ್ಲಿನ ಮ್ಯಾಲ ಬೀಳಬಾರ್ದು" ಅಂದ.

ಅವಳ ಕೋಣೆಗೆ ಬೇರೆ ನೆಲ ಹಾಸಬೇಕೆಂದಾಯಿತು. ಬಿದಿರೋ ಕಟ್ಟಿಗೆಯೋ ಅನ್ನುವುದೊಂದು ಉಳಿಯಿತು. ಅವ್ವನ ತವರು ಹರಪನಹಳ್ಳಿ. ಅಲ್ಲಿ ಬುಟ್ಟಿ ಹೆಣೆಯುವವರಿಗೆ ಹೇಳಿ, ಸೀಳಿದ ಬಿದಿರನ್ನು ಹಗ್ಗದಲ್ಲಿ ಬಿಗಿದ ತಟ್ಟಿಯೊಂದನ್ನು ಮಾವ ಬಸ್ಸಿನ ಮೇಲೆ ಹಾಕಿಸಿಕೊಂಡು ತಂದ. ಅದರ ಮೇಲೆ ದಪ್ಪ ಕೌದಿ ಹಾಸಿದರೆ ಸಾಕು, ಬಿದ್ದವರನ್ನು ಹೊಡೆಯುವುದಿಲ್ಲ ಅನ್ನುವುದು ಅವ್ವನ ಮಾತು. ಅಪ್ಪ ಹಗರಿಬೊಮ್ಮನಹಳ್ಳಿಯ ಕಟ್ಟಿಗೆ ಅಡ್ಡೆಯಿಂದ ಮಾದರಿಗೆಂದು ಸಾಗವಾನಿಯ ಒಂದು ಹಲಗೆ ತಂದ. ಎರಡನ್ನೂ ಪಡಸಾಲೆಯಲ್ಲಿ ಅಕ್ಕಪಕ್ಕ ಹಾಸಿದರು. ಅಪ್ಪ ಬೆರಳ ಗೆಣ್ಣಿನಿಂದ ತಟ್ಟಿ ನೋಡಿದ. ಅವ್ವ ಅಂಗೈಯಿಂದ ಒತ್ತಿ ನೋಡಿದಳು.

"ಬೀಳೋಳು ನಾನು. ನಾನಾ ಬಿದ್ದು ನೋಡ್ತೀನಿ ತಡೀರಿ" ಎಂದು ಅಕ್ಕ ಎದ್ದಳು. ಎದ್ದವಳು ಅಲ್ಲೇ ನಿಂತುಬಿಟ್ಟಳು. ನನ್ನ ಕಡೆ ತಿರುಗಿ ಕೇಳಿದಳು, "ನಾ ಹೆಂಗ ಬೀಳ್ತೀನಿ?"

ಇಷ್ಟು ವರ್ಷ ಬಿದ್ದವಳಿಗೆ ಅದು ಗೊತ್ತಿಲ್ಲ ಅನ್ನುವುದು ನಮಗೆ ಯಾರಿಗೂ ಹೊಳೆದೇ ಇರಲಿಲ್ಲ. ನಾನು ಹೇಳಿದೆ, "ಎಡಕ್ಕ ತಿರುಗ್ತೀ. ಕೈ ಊರಂಗಿಲ್ಲ. ಮುಖ ಮೊದ್ಲು ಬಡೀತೈತಿ."

ಅವಳು ಎಡಕ್ಕೆ ತಿರುಗಿ, ಕೈ ಊರದೆ ಮೆಲ್ಲಗೆ ಬಾಗಿ, ಕೆನ್ನೆಯನ್ನು ಮೊದಲು ಹಲಗೆಗೆ, ಆಮೇಲೆ ಬಿದಿರಿಗೆ ಒತ್ತಿದಳು. ಎದ್ದಾಗ ಕೆನ್ನೆಯ ಮೇಲೆ ಬಿದಿರಿನ ಗಿಣ್ಣುಗಳ ಅಚ್ಚು ಮೂಡಿತ್ತು. ಅವ್ವ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು.

"ನನಗ ಬಿದಿರು ಇರ್ಲಿ" ಅಂದಳು ಅಕ್ಕ.

"ನೋಡು, ಕೆನ್ನಿ ಹೆಂಗಾಗೈತಿ. ಸೀಳು ಎದ್ರ ಕಣ್ಣಿಗಿ ಚುಚ್ಚತೈತಿ" ಅಂದ ಅಪ್ಪ.

"ಕೌದಿ ಹಾಸಿದ್ರ ಆತು. ತಟ್ಟಿ ಸುತ್ತಿ ಎಲ್ಲಿಗಿ ಬೇಕಾದ್ರೂ ಒಯ್ಯಬಹುದಪ್ಪ. ಹೊಲಿಗಿ ಕ್ಲಾಸಿಗಿ ಒಯ್ತೀನಿ, ಅಲ್ಲೇ ಮಷಿನ್ ಬಾಜೂಕ ಹಾಸ್ಕೊಂಡು ಕುಂದರ್ತೀನಿ."

ಎರಡು ಓಣಿ ಆಚೆ ಒಬ್ಬ ಮುಸ್ಲಿಂ ಹೆಂಗಸು ಹೊಲಿಗೆ ಕಲಿಸುತ್ತಿದ್ದರು. ಅಕ್ಕ ಅಲ್ಲಿಗೆ ಹೋಗುತ್ತಿದ್ದಳು. ಅಲ್ಲಿ ಬಿದ್ದರೆ ಆ ಹೆಂಗಸೇ ತೊಡೆಯ ಮೇಲೆ ತಲೆ ಇಟ್ಟುಕೊಂಡು ಕೂರುತ್ತಿದ್ದರು. ಅಪ್ಪ ಅಕ್ಕನ ಮುಖ ನೋಡದೆ, "ನಿನಗ ನಡು ಬಜಾರ್ದಾಗ ಬೀಳೋದು ಬೇಕೈತೇನು?" ಅಂದ. ಮರುವಾರವೇ ಬಡಿಗೇರ ಬಂದು ಕಲ್ಲಿನ ಮೇಲೆ ಪಟ್ಟಿ ಕೂರಿಸಿ, ಗೋಡೆಯಿಂದ ಗೋಡೆಗೆ ಸಾಗವಾನಿ ಹಲಗೆ ಬಡಿದು, ಪಾಲಿಶ್ ಹಚ್ಚಿ ಹೋದ. ಚೆಂದದ ಕೆಲಸ. ಓಣಿಯವರೆಲ್ಲ ಬಂದು ನೋಡಿದರು. ಬಿದಿರಿನ ತಟ್ಟಿಯನ್ನು ಅವ್ವ ಶೇಂಗಾ ಒಣಗಿಸಲು ಮಾಳಿಗೆಗೆ ಹಾಕಿದಳು.

ಅಪ್ಪ ಅಕ್ಕನಿಗೆಂದೇ ಹೊಸ ಮಷಿನ್ ತಂದು ಕೋಣೆಯಲ್ಲಿ ಇಟ್ಟ. ಕ್ಲಾಸು ನಿಂತಿತು. ಮೊದಮೊದಲು ಅವಳು ದಿನವಿಡೀ ಹೊಲಿಯುತ್ತಿದ್ದಳು. ತುಳಿದಾಗ ಹಲಗೆಗಳೆಲ್ಲ ಗುಂಯ್ ಅನ್ನುತ್ತಿದ್ದವು, ಅಡುಗೆ ಮನೆಗೂ ಕೇಳುತ್ತಿತ್ತು. ಆ ಕೋಣೆಯಲ್ಲಿ ಬಿದ್ದಾಗಲೆಲ್ಲ ಮೈ ನೊಂದರೂ ರಕ್ತ ಬರಲಿಲ್ಲ. ಅಪ್ಪ ಅದನ್ನು ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದ. ಅವಳು ಹೊಸ್ತಿಲು ದಾಟಿ ಕಟ್ಟೆಗೆ ಬಂದರೆ, "ಒಳಗ ಕುಂದರವ್ವಾ, ಅಲ್ಲೇನು ಕಡಿಮಿ ಐತಿ ನಿನಗ?" ಅನ್ನುತ್ತಿದ್ದ. ಗದರಿ ಅಂದದ್ದಲ್ಲ. ಅಷ್ಟು ಅಕ್ಕರೆಯಿಂದ ಅಂದದ್ದಕ್ಕೆ ಅವಳು ಏನು ಜಗಳವಾಡುವುದು? ಬರಬರುತ್ತ ಮಷಿನ್ನಿನ ಸದ್ದು ಕಡಿಮೆಯಾಯಿತು. ಊಟ ಕಡಿಮೆಯಾಯಿತು. ಹೊಲಿಗೆ ಕಲಿಸುವ ಆ ಹೆಂಗಸು ನೋಡಲು ಬಂದಾಗ ಅಕ್ಕ ಗೋಡೆಗೆ ಮುಖ ಮಾಡಿ ಮಲಗಿದಳು. ಅವರು ಬಾಗಿಲಲ್ಲೇ ನಿಂತು, "ನನ್ನ ಮ್ಯಾಲ ಸಿಟ್ಟೇನವ್ವಾ ಮಗಳ?" ಅಂದರು.

ಮರುವರ್ಷದ ಬೇಸಿಗೆ. ಮಧ್ಯಾಹ್ನ ಉಂಡು ಮಂಚದ ಮೇಲೆ ಮಲಗಿದ್ದವಳನ್ನು ಚಹಾಕ್ಕೆ ಎಬ್ಬಿಸಲು ಅವ್ವ ಹೋದಳು. ಮುಖ ದಿಂಬಿನಲ್ಲಿ ಹುದುಗಿತ್ತು. ಮೈ ತಣ್ಣಗಾಗಿತ್ತು. ನಿದ್ದೆಯಲ್ಲೇ ಮೂರ್ಛೆ ಬಂದು ಉಸಿರು ನಿಂತಿರಬೇಕು, ಇಂಥವರಿಗೆ ಹಾಗೂ ಆಗುವುದುಂಟು ಎಂದು ಊರ ಡಾಕ್ಟರು ಹೇಳಿದರು. ಮೈಮೇಲೆ ಒಂದೂ ಹೊಸ ಗಾಯವಿರಲಿಲ್ಲ. ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದಾಗ ಹಳೆಯ ಗುರುತುಗಳೆಲ್ಲ ವಿಭೂತಿಯಲ್ಲಿ ಮುಚ್ಚಿಹೋಗಿ ಮುಖ ಎಷ್ಟು ನುಣ್ಣಗಿತ್ತೆಂದರೆ, ದೂರದಿಂದ ಬಂದ ನೆಂಟರು ಅದನ್ನೇ ಹೇಳಿಕೊಂಡು ಅತ್ತರು. ಹೊಲಿಗೆಯವರು ಅಳಲಿಲ್ಲ. ಅವಳ ಕಾಲ ಬಳಿ ಕುಳಿತು, ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಇದ್ದರು.

ಆಮೇಲೆ ಒಂದು ದಿನ ಉಣ್ಣುತ್ತಿದ್ದ ಅಪ್ಪ ಕೈ ನಿಲ್ಲಿಸಿ ಅವ್ವನನ್ನು ಕೇಳಿದ: "ಬಿದಿರಾ ಹಾಕಿಸಬೇಕಿತ್ತೇನು?"

ಅವ್ವ ಸಾರಿನ ಸೌಟು ಹಿಡಿದು ನಿಂತಿದ್ದಳು. "ಆ ತಟ್ಟಿ ಕೊಟ್ಟಿದ್ರ ಇನ್ನೊಂದು ವರ್ಷ ಆ ಕ್ಲಾಸಿಗಿ ಹೋಗಿ ಬರ್ತಿದ್ಲು" ಅಂದಳು. "ಸಾಯೋದು ಯಾರ ಕೈಯಾಗೈತ್ರಿ."

ಅಪ್ಪ ತಲೆಯಾಡಿಸಿದ. ಅವ್ವ ಬಡಿಸಿದಳು. ಅವನು ಉಣ್ಣಲಿಲ್ಲ.