ಕನ್ನಡಕದ ಮಾವ ಸೈಕಲ್ಲು ಬಿಟ್ಟುಕೊಟ್ಟ ಚಳಿಗಾಲ

ಬೀದಿಯವರಿಗೆಲ್ಲ ಅವರು ಕನ್ನಡಕದ ಮಾವ. ನಿಜವಾಗಿ ಅವರು ಮಾವನಾದದ್ದು ಒಬ್ಬನೇ ಒಬ್ಬನಿಗೆ, ಅದೂ ಈಚೆಗೆ; ಹೆಸರು ಮಾತ್ರ ಅದಕ್ಕಿಂತ ಬಹಳ ಹಳೆಯದು. ದಿಬ್ಬದ ಮೇಲಿನ ಬೀದಿಯಲ್ಲಿ, ಬೀಗ ರಿಪೇರಿಯವನಿಗೂ ಹೂವಿನಂಗಡಿಗೂ ನಡುವೆ ಅವರ ಕನ್ನಡಕದ ಅಂಗಡಿ. ಒಳಗೆ ಒಂದು ಎತ್ತರದ ಕುರ್ಚಿ, ಎದುರು ಗೋಡೆಯ ಮೇಲೆ ಕೆಳಕ್ಕಿಳಿದಂತೆ ಸಣ್ಣದಾಗುತ್ತ ಹೋಗುವ ಅಕ್ಷರಗಳ ಹಲಗೆ, ಪರದೆಯಾಚೆ ಗಾಜಿನ ಅಂಚು ಅರೆಯುವ ಯಂತ್ರ. ಯಾರೇ ಬಂದು ಕಣ್ಣು ಮಂಜಾಗಿದೆ ಅಂದರೂ ಮಾವ ಮೊದಲು ಅವರ ಹಳೆಯ ಕನ್ನಡಕ ಇಸಿದುಕೊಂಡು, ಸೋಪಿನ ನೀರಲ್ಲಿ ತೊಳೆದು, ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ಮತ್ತೆ ಅವರ ಮೂಗಿನ ಮೇಲಿಡುತ್ತಾರೆ. ಎಷ್ಟೋ ಜನರ ದೃಷ್ಟಿ ಅಲ್ಲೇ ವಾಪಸು ಬಂದುಬಿಡುತ್ತದೆ. "ಕಣ್ಣಿಗೇನೂ ಆಗಿಲ್ಲ, ಗಾಜಿಗೆ ಬೆಣ್ಣೆ ಮೆತ್ತಿಕೊಂಡ್ರೆ ನಾನೇನು ಔಷಧಿ ಕೊಡ್ಲಿ?" ಎಂದು ನಗುತ್ತಾರೆ. ಊರವರ ಕಣ್ಣಿನ ವಿಷಯದಲ್ಲಿ ಇಷ್ಟು ಜಾಣರಾದ ಮನುಷ್ಯ ತಮ್ಮ ಕಾಲಿನ ವಿಷಯದಲ್ಲಿ ಶುದ್ಧ ಪೆದ್ದುತನ ಮಾಡಿದರು. ಅದನ್ನೇ ಈಗ ಹೇಳಹೊರಟಿರುವುದು.

ಮಾವನ ಪ್ರಾಣ ಇದ್ದದ್ದು ಸೈಕಲ್ಲಿನಲ್ಲಿ. ಸಾಮಾನ್ಯ ಸೈಕಲ್ಲಲ್ಲ, ರೇಸಿನದು: ಬೆರಳು ದಪ್ಪದ ಟೈರು, ಟಗರಿನ ಕೊಂಬಿನಂತೆ ಬಾಗಿದ ಹ್ಯಾಂಡಲ್ಲು, ಕೂತವರಿಗೇ ಗೊತ್ತು ಅನ್ನುವಂಥ ಸೀಟು. ಮನೆ ಹೊಳೆಯ ಪಕ್ಕದ ತಗ್ಗಿನಲ್ಲಿ, ಅಂಗಡಿ ದಿಬ್ಬದ ನೆತ್ತಿಯಲ್ಲಿ. ಮದುವೆಗೂ ಮುಂಚಿನಿಂದ ಆ ಏರನ್ನು ಅವರು ದಿನವೂ ತುಳಿದು ಹತ್ತಿದವರು. ರಾತ್ರಿ ಸೈಕಲ್ಲು ಮನೆಯ ನಡುಹಾದಿಯಲ್ಲೇ ನಿಲ್ಲಬೇಕು. ಅವರ ಹೆಂಡತಿಯನ್ನು, ವರಸೆ ತಪ್ಪಬಾರದೆಂದು, ನಾವು ಅತ್ತೆ ಅನ್ನೋಣ. ಅತ್ತೆ ಮನೆಯಲ್ಲಿ ಕಿಟಕಿ ಪರದೆ ಹೊಲಿಯುವವರು. ಕೈತುಂಬ ಬಟ್ಟೆ ಹೊತ್ತು ಓಡಾಡುವಾಗೆಲ್ಲ ಮೊಣಕಾಲಿಗೆ ಪೆಡಲ್ಲು ಬಡಿದು, "ಇದಕ್ಕೊಂದು ಹಾಸಿಗೆನೂ ಹಾಸಿಬಿಡಿ" ಎಂದು ಬೈದುಕೊಂಡೇ ಸಂಸಾರ ಮಾಡಿದವರು.

ಆ ವರ್ಷ ಮಾವನಿಗೆ ಅರವತ್ತು ತುಂಬಿತು. ತುಂಬಿದ್ದು ಬೆಚ್ಚಗಿನ ಕಾಲದಲ್ಲಿ, ಆಗೇನೂ ಅನ್ನಿಸಲಿಲ್ಲ. ಚಳಿ ಇಳಿಯಿತು ನೋಡಿ, ಸೈಕಲ್ಲು ಕಲ್ಲಾಯಿತು. ಹಿಂದಿನ ಚಳಿಗಾಲಗಳಲ್ಲೂ ಅದು ಭಾರವಾಗುತ್ತಿತ್ತು. ಆಗೆಲ್ಲ ನೆಗಡಿ, ಎದುರುಗಾಳಿ, ಹಾಳು ರಸ್ತೆ ಎಂದು ಯಾವುದಾದರೂ ಒಂದರ ಮೇಲೆ ಹಾಕಿ ಮರೆತುಬಿಡುತ್ತಿದ್ದರು. ಈ ಸಲ ಅರವತ್ತು ಅನ್ನುವುದೊಂದು ತಲೆಗೆ ಹೊಕ್ಕಿತ್ತಲ್ಲ, ಬೇರೆ ಕಾರಣ ಹುಡುಕುವ ಗೋಜಿಗೇ ಹೋಗಲಿಲ್ಲ. ದಪ್ಪ ಕೋಟು, ಕೈಗವಸು, ಕಿವಿ ಮುಚ್ಚುವ ಟೋಪಿ ಎಲ್ಲ ಏರಿಸಿಕೊಂಡು ಅವರು ದಿಬ್ಬದಲ್ಲಿ ಉಸ್ಸಪ್ಪಾ ಎಂದು ತುಳಿಯುತ್ತಿದ್ದರೆ, ನಾಯಿ ಹಿಡಿದು ನಡೆಯುವ ಅಜ್ಜಿಯೊಬ್ಬರು ಪಕ್ಕದಲ್ಲೇ ಬಂದರು. ಏರು ಮುಗಿಯುವ ತನಕ ಪಕ್ಕದಲ್ಲೇ ಇದ್ದರು. ನಡುವೆ ನಿಂತು ನಾಯಿಯ ಬೆಲ್ಟು ಸರಿ ಮಾಡಿ, ಮತ್ತೆ ಬಂದು ಜೊತೆಗೂಡಿದರು ಕೂಡ.

ಭಾನುವಾರ ಮಗಳು ಅಳಿಯ ಊಟಕ್ಕೆ ಬಂದಾಗ ಅವರು ವಿಷಯ ಎತ್ತಿದರು. "ನನ್ನ ಕಾಲ ಮುಗೀತು. ಕಾಲಲ್ಲಿ ಕಸುವಿಲ್ಲ."

ಮಗಳು ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವಳು. "ಚಳೀಲಿ ಎಲ್ಲರಿಗೂ ಹೀಗೇ ಅಪ್ಪ," ಅಂದಳು. "ತಣ್ಣಗಾದ್ರೆ ಗಾಳಿ ದಟ್ಟ ಆಗತ್ತೆ, ಅದನ್ನ ತಳ್ಕೊಂಡು ಹೋಗಬೇಕು. ಟೈರಿನೊಳಗಿನ ಗಾಳಿ ಕುಗ್ಗತ್ತೆ, ರಬ್ಬರು ಬಿರುಸಾಗತ್ತೆ, ಗ್ರೀಸು ಗಟ್ಟಿ ಆಗತ್ತೆ. ಕಾಲಿನ ಮಾಂಸಖಂಡ ಬೆಚ್ಚಗಾಗೋಕೇ ಹೊತ್ತು ಬೇಕು. ಇದರ ಮೇಲೆ ನಿನ್ನ ಕೋಟು ನೋಡು, ಹಾಯಿಪಟ ಕಟ್ಟಿಕೊಂಡ ಹಾಗಿದೆ."

ಮಾವ ಪ್ರೀತಿಯಿಂದ ನಕ್ಕು ಅವಳ ತಟ್ಟೆಗೆ ಇನ್ನೊಂದು ತುಂಡು ಬ್ರೆಡ್ಡು ಹಾಕಿದರು. ಮಗಳು ಸಮಾಧಾನಕ್ಕೆ ಹೇಳುವ ಮಾತು ಯಾವುದು, ನಿಜ ಹೇಳುವ ಮಾತು ಯಾವುದು ಅಂತ ಅಪ್ಪನಿಗೆ ತಿಳಿಯದೇ ಎಂಬುದು ಅವರ ಹೆಮ್ಮೆ. ತಿಳಿದಿತ್ತು, ಆದರೆ ತಿರುಗುಮುರುಗಾಗಿ. ಊಟ ಮುಗಿಸಿ ಎದ್ದವರೇ, ತೊಳೆದು ಒರೆಸಿ ಇಟ್ಟಿದ್ದ ಸೈಕಲ್ಲನ್ನು ತಂದು ಅಳಿಯನ ಮುಂದೆ ನಿಲ್ಲಿಸಿದರು.

"ಅಳಿಯಂದ್ರೇ, ಇನ್ನು ಇದು ನಿಮ್ಮದು. ಯಾವುದಕ್ಕೂ ಕೈ ಹಾಕೋ ಹಾಗಿಲ್ಲ, ಎಲ್ಲಾ ನಾನೇ ಅಳತೆಗೆ ಕೂರಿಸಿಟ್ಟಿದ್ದೀನಿ. ಸುಮ್ಮನೆ ಹತ್ತಿ ತುಳಿಯೋದು."

ಅಳಿಯ ಈಜು ಕಲಿಸುವವನು. ಬಾಗಿಲಿಗೆ ಅಡ್ಡ ನಿಂತರೆ ಕೋಣೆಗೆ ಬೆಳಕು ಬಾರದಂಥ ಭುಜ. ಆದರೆ ಮಾತು ಮಾತ್ರ ಹನಿ ಹನಿ. ಬಿಸಿನೀರಿನ ಕೊಳದಲ್ಲಿ ಬಾಳುವ ಜೀವಕ್ಕೆ ಚಳಿಯೆಂದರೆ ಆಗದು, ಸೈಕಲ್ಲಿನ ಆಸೆಯೂ ಇರಲಿಲ್ಲ. ಮಾವನ ಕಣ್ಣಂಚು ಒದ್ದೆಯಾಗಿದ್ದನ್ನು ನೋಡಿ, "ತುಂಬಾ ಚೆನ್ನಾಗಿದೆ ಮಾವ," ಅಂದ. ಅತ್ತೆ ಮಗಳ ಮುಖ ನೋಡಿದರು, ಮಗಳು ಸೂರು ನೋಡಿದಳು. ಕೊಟ್ಟದ್ದು ಅವನಿಗೆ ನುಂಗಲೂ ಆಗದ, ಉಗುಳಲೂ ಆಗದ ಬಿಸಿ ತುಪ್ಪವಾಯಿತು.

ಮರುದಿನದಿಂದ ಮಾವ ಬಸ್ಸಿನಲ್ಲಿ ಅಂಗಡಿಗೆ. ಅಳಿಯನ ಮನೆಯೂ ತಗ್ಗಿನಲ್ಲೇ, ಅವನ ಈಜುಕೊಳ ಅಂಗಡಿಯಿಂದ ಆಚೆ, ಅದೇ ಬೀದಿಯ ಕೊನೆಯಲ್ಲಿ. ಮಾವ ಬಾಗಿಲು ತೆಗೆದು, ದೀಪ ಹಚ್ಚಿ, ಫ್ರೇಮುಗಳ ಧೂಳು ಹೊಡೆದು, ಗಾಜಿಗೆ ಮೂಗು ಒತ್ತಿ ನಿಲ್ಲುವರು. ಸರಿಯಾದ ಹೊತ್ತಿಗೆ, ಏರು ಮುಗಿಯುವಲ್ಲಿನ ಬೇಕರಿಯ ತಿರುವಿನಿಂದ ಅಳಿಯ ಜುಮ್ಮನೆ ಬರುವನು. ಬೆನ್ನು ನೆಟ್ಟಗೆ, ಮುಖದಲ್ಲಿ ನಗು, ಒಂದು ಕೈ ಬೀಸುತ್ತ ದಾಟಿ ಹೋಗುವನು. ಏದುಸಿರಿಲ್ಲ, ಬೆವರಿಲ್ಲ. ಮಾವನೂ ನಕ್ಕು ಕೈ ಬೀಸುವರು. ಆಮೇಲೆ ಎತ್ತರದ ಕುರ್ಚಿಯಲ್ಲಿ ಕೂತು ತಮ್ಮ ಮೊಣಕಾಲುಗಳನ್ನು ದಿಟ್ಟಿಸುವರು. ಹೊಟ್ಟೆಕಿಚ್ಚೆಂದು ಅನ್ನಬೇಡಿ. ಅಳಿಯ ಚೆನ್ನಾಗಿರಲಿ ಎಂದೇ ಅವರ ಆಸೆ. ಸ್ವಲ್ಪವೇ ಸ್ವಲ್ಪ ಏದುಸಿರು ಬಿಟ್ಟಿದ್ದರೆ ಸಾಕಿತ್ತು ಅನ್ನಿಸುತ್ತಿತ್ತು, ಅಷ್ಟೇ.

ಹೋಗಿದ್ದು ಬರೀ ಸೈಕಲ್ಲಾಗಿದ್ದರೆ ಅತ್ತೆಯೂ ಸುಮ್ಮನಿರುತ್ತಿದ್ದರು, ನಡುಹಾದಿಯಾದರೂ ಖಾಲಿಯಾಯಿತಲ್ಲ ಎಂದು. ಆದರೆ ಮಾವ ಒಂದೊಂದಾಗಿ ಎಲ್ಲದಕ್ಕೂ ಕೈ ಚೆಲ್ಲತೊಡಗಿದರು. ಮೇಲಿನ ಕಪಾಟಿನ ಸಾಮಾನು ಇಳಿಸಲು ಪಕ್ಕದ ಬೀಗದವನನ್ನು ಕರೆದರು. ಮನೆಗೆ ಬಂದರೆ ಕಾಲಿನ ಮೇಲೆ ಕಂಬಳಿ ಹೊದ್ದು ಕೂತು, ನೀರು ಬೇಕಾದರೂ ಅತ್ತೆಯನ್ನು ಕೂಗಿದರು. ಒಂದು ಸಂಜೆ, "ಅಂಗಡಿ ಯಾರಿಗಾದ್ರೂ ವಹಿಸಿಬಿಡೋಣ ಅಂತಿದ್ದೀನಿ" ಅಂದರು.

ಅತ್ತೆ ಸೂಜಿಗೆ ದಾರ ಪೋಣಿಸುವುದನ್ನು ಅಲ್ಲಿಗೇ ಬಿಟ್ಟರು. "ಅಲ್ಲಾರೀ, ನೀವು ಅಳಿಯನಿಗೆ ಕೊಟ್ಟಿದ್ದು ಸೈಕಲ್ಲನ್ನೋ ಕಾಲನ್ನೋ?"

"ನಿನಗೆ ಗೊತ್ತಾಗಲ್ಲ ಬಿಡು. ಅವರು ಹತ್ತೋದನ್ನ ನೀನು ನೋಡಬೇಕು. ಹೂವಿನ ಹಾಗೆ ಬರ್ತಾರೆ."

"ಅಂಗಡಿಗೆ ಬಂದೋರ ಕನ್ನಡಕ ತೊಳೀದೆ ಮಾತೇ ಆಡಲ್ಲ ನೀವು. ಆ ಸೈಕಲ್ಲಿಗೆ ಏನಾಗಿದೆ ಅಂತ ಒಂದು ಸಲನಾದ್ರೂ ಬಗ್ಗಿ ನೋಡಿದ್ರಾ?"

ಮಾವ ಕಂಬಳಿಯನ್ನು ಗಲ್ಲದ ತನಕ ಎಳೆದುಕೊಂಡರು. ಆ ಕಂಬಳಿಯೊಳಗೆ ಮುದುಡಿ ಕೂತ ಗಂಡನನ್ನು ನೋಡಿ ಅತ್ತೆಗೆ ನಿಜಕ್ಕೂ ಭಯವಾಯಿತು. ಬೈದರೆ ತಿರುಗಿ ಬೈಯುವ ಗಂಡನೇ ಅವರಿಗೆ ಅಭ್ಯಾಸ.

ಹೀಗಿರುವಾಗ ಒಂದು ಬೆಳಿಗ್ಗೆ ಚಳಿಗೆ ಬಸ್ಸಿನ ಎಂಜಿನ್ನು ಮುಷ್ಕರ ಹೂಡಿತು. ಬೇರೆ ಬಸ್ಸು ತರಿಸುವಷ್ಟರಲ್ಲಿ ಚೆನ್ನಾಗಿ ತಡವಾಯಿತು. ಮಾವ ಕಿಟಕಿಯ ಪಕ್ಕ ಕೂತು, ಉಸಿರಿನಿಂದ ಮಂಜಾದ ಗಾಜನ್ನು ತೋಳಿನಿಂದ ಒರೆಸಿಕೊಂಡರು. ಬಸ್ಸು ದಿಬ್ಬ ಏರತೊಡಗಿತು. ಅರ್ಧ ಏರಿನಲ್ಲಿ, ರಸ್ತೆ ಬದಿಯ ಗೋಡೆಗೆ ಒರಗಿ, ಭಾರೀ ಭುಜದ ಆಸಾಮಿಯೊಬ್ಬ ಬಾಯಿ ತೆರೆದು ಹೊಗೆಬಂಡಿಯಂತೆ ಉಸಿರು ಬಿಡುತ್ತ ನಿಂತಿದ್ದ. ಪಕ್ಕದಲ್ಲಿ ಟಗರುಕೊಂಬಿನ ಸೈಕಲ್ಲು. ಅವನು ಅದಕ್ಕೇನೋ ಖಾರವಾಗಿ ಹೇಳಿ, ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೆ ತಳ್ಳತೊಡಗಿದ.

ಮಾವ ಸೀಟಿನಿಂದ ಎದ್ದ ರಭಸಕ್ಕೆ ಪಕ್ಕದವರ ಚೀಲ ಉರುಳಿತು. ಬೇಕರಿ ಸ್ಟಾಪಿನಲ್ಲಿ ಇಳಿದವರು ಇಳಿಜಾರಿನಲ್ಲಿ ಹೇಗೆ ಹೋದರೋ, ನಡೆದರೋ ಓಡಿದರೋ, ಅವರಿಗೇ ನೆನಪಿಲ್ಲ.

"ಏನು ಅಳಿಯಂದ್ರೇ, ಸೈಕಲ್ಲಿಗೆ ವಾಕಿಂಗ್ ಮಾಡಿಸ್ತಿದ್ದೀರಾ?"

ಅಳಿಯ ಕದ್ದು ಸಿಕ್ಕಿಬಿದ್ದವನಂತೆ ನಿಂತ. "ಮಾವ... ನೀವು ಇಲ್ಲಿ... ಚೈನು ಸ್ವಲ್ಪ..."

"ಚೈನಿಗೇನಾಗಿದೆ?"

"ಏನೂ ಆಗಿಲ್ಲ," ಎಂದು ಅಳಿಯ ತಲೆ ತಗ್ಗಿಸಿದ. ಆಮೇಲೆ, ಮದುವೆಯಾದ ನಾಲ್ಕು ವರ್ಷದಲ್ಲಿ ಆಡದಷ್ಟು ಮಾತು ಒಟ್ಟಿಗೆ ಆಡಿಬಿಟ್ಟ. "ಆಗ್ತಿಲ್ಲ ಮಾವ. ಮೊದಲನೇ ದಿನದಿಂದಲೂ ಆಗಿಲ್ಲ. ಪೂರ್ತಿ ಏರು ತಳ್ಕೊಂಡೇ ಬರೋದು. ಬೇಕರಿ ಹಿಂದೆ ನಿಂತು, ಬೆವರು ಒರೆಸಿ, ಉಸಿರು ಸರಿ ಮಾಡ್ಕೊಂಡು, ಅಲ್ಲಿಂದ ಹತ್ತಿ ನಿಮ್ಮ ಅಂಗಡಿ ಮುಂದೆ ಬರ್ತೀನಿ. ನೀವು ಗಾಜಿಗೆ ಮೂಗು ಒತ್ತಿ ಕಾಯ್ತಿರ್ತೀರಲ್ಲ. ಅಷ್ಟು ಪ್ರೀತಿಯಿಂದ ಕೊಟ್ಟಿದ್ದನ್ನ ತುಳಿಯೋಕಾಗಲ್ಲ ಅಂತ ಹೇಗೆ ಹೇಳ್ಲಿ? ನಿಜ ಹೇಳಿ ಮಾವ, ಈ ಚಳೀಲಿ ದಿನಾ ನೀವು ಇದನ್ನ ಹೇಗೆ ತುಳಿದ್ರಿ?"

ಮಾವನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅಳಿಯ ಪಟ್ಟ ಪಾಡು ಕೇಳಿ ಹಿಗ್ಗುವ ಮಾವ ಒಳ್ಳೆಯ ಮಾವನಲ್ಲ, ಒಪ್ಪುತ್ತೇನೆ. ಆದರೆ ಆ ಹೊತ್ತಿನಲ್ಲಿ ಅವರು ಒಳ್ಳೆಯವರಾಗಿರುವ ಸ್ಥಿತಿಯಲ್ಲಿರಲಿಲ್ಲ. ಈ ಎತ್ತಿನಂಥ ಆಳಿಗೇ ಆಗದ್ದು! ಹಾಗಾದರೆ ಅಷ್ಟು ದಿನ ಹತ್ತಿದ ತನ್ನ ಕಾಲು ಮುಗಿದ ಕಾಲೇ? ಮಗಳು ಹೇಳಿದ್ದೆಲ್ಲ ಆಗ ಒಂದೊಂದಾಗಿ ನೆನಪಾಗತೊಡಗಿತು. ಬಗ್ಗಿ ಕೈಗವಸು ತೆಗೆದು ಹಿಂದಿನ ಟೈರು ಒತ್ತಿದರು. ಹೆಬ್ಬೆರಳು ಒಳಗೆ ಹೋಯಿತು.

"ಇದಕ್ಕೆ ಗಾಳಿ ಯಾವಾಗ ಹೊಡೆದಿದ್ದು?"

"ಹೊಡೆದಿಲ್ಲ. ಯಾವುದಕ್ಕೂ ಕೈ ಹಾಕೋ ಹಾಗಿಲ್ಲ ಅಂದಿದ್ರಲ್ಲ."

ಮಾವ ಯೋಚಿಸಿದರು. ತಾವು ಕೊನೆಯ ಸಲ ಗಾಳಿ ಹೊಡೆದದ್ದು ಅಂಗಿಯೊಂದರಲ್ಲೇ ಓಡಾಡುತ್ತಿದ್ದ ಬೆಚ್ಚಗಿನ ದಿನಗಳಲ್ಲಿ. ಆಮೇಲೆ ಅಷ್ಟಿಷ್ಟು ಸೋರಿ, ಉಳಿದದ್ದು ಚಳಿಗೆ ಕುಗ್ಗಿ, ಟೈರು ಮೆತ್ತಗಾಗಿ ರಸ್ತೆಗೆ ಅಂಟಿಕೊಂಡಿದೆ. ಒಬ್ಬರು ದುಃಖದಲ್ಲಿ ನೋಡಲಿಲ್ಲ, ಇನ್ನೊಬ್ಬ ಮರ್ಯಾದೆಯಲ್ಲಿ ಮುಟ್ಟಲಿಲ್ಲ. ಅವರು ನಗತೊಡಗಿದರು, ನಗು ತಡೆಯಲಾಗದೆ ಗೋಡೆಗೆ ಒರಗಿದರು. ಅಳಿಯನೂ ಮೊದಮೊದಲು ಅನುಮಾನಿಸಿ, ಆಮೇಲೆ ಜೋರಾಗಿ ನಕ್ಕ. ಚೌಕಟ್ಟಿಗೆ ಸಿಕ್ಕಿಸಿದ್ದ ಪುಟ್ಟ ಪಂಪು ಬಿಚ್ಚಿ ಸರದಿಯಲ್ಲಿ ಗಾಳಿ ಹೊಡೆದರು. ಆ ಕೆಲಸಕ್ಕೆ ಇಬ್ಬರ ಮೈಯೂ ಬೆಚ್ಚಗಾಯಿತು. ಮಾವ ಹಾಯಿಪಟದ ಕೋಟು ಬಿಚ್ಚಿ ಅಳಿಯನ ಕೈಗೆ ಕೊಟ್ಟು ಸೈಕಲ್ಲೇರಿದರು.

ಮಂತ್ರ ಹಾಕಿದಂತೆ ಹಗುರವಾಗಿಬಿಟ್ಟಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಮುಂಚಿಗಿಂತ ವಾಸಿ, ಆದರೆ ಭಾರ ಇತ್ತು. ತಣ್ಣನೆಯ ದಟ್ಟ ಗಾಳಿ ಎದೆಗೆ ಒತ್ತುತ್ತಿತ್ತು, ಮೊಣಕಾಲು ಗೊಣಗುತ್ತಿತ್ತು. ಅದರಲ್ಲಿ ಅರವತ್ತರ ಪಾಲೂ ಸ್ವಲ್ಪ ಇದೆ ಎಂದು ಮಾವನಿಗೆ ಗೊತ್ತಾಯಿತು. ಇರಲಿ, ಅದೂ ಬರಲಿ ಜೊತೆಗೆ ಅನ್ನಿಸಿತು. ಅವರಿಗೆ ಅಳು ಬರುವಷ್ಟು ಖುಷಿಯಾಗಿತ್ತು. ಏರು ಕಡಿದಾದಲ್ಲಿ ಚಕ್ರ ಓಲಾಡಿತು. ಆಗ ಇದ್ದಕ್ಕಿದ್ದಂತೆ ಸೈಕಲ್ಲು ಹಗುರಾಯಿತು. ತಿರುಗಿ ನೋಡಿದರೆ, ಪಕ್ಕದಲ್ಲಿ ನಡೆದು ಬರುತ್ತಿದ್ದ ಅಳಿಯನ ಅಗಲವಾದ ಅಂಗೈ ಸೀಟಿನ ಹಿಂದೆ ಮೆಲ್ಲಗೆ ಆನಿಕೊಂಡಿದೆ.

"ಏಯ್, ಕೈ ತೆಗಿಯೋ!" ಎಂದು ಮಾವ ಗದರಿದರು. ಮಗನನ್ನು ಗದರಿದ ಹಾಗೆ ಬಂದುಬಿಟ್ಟಿತು.

ಅಳಿಯ ತಟ್ಟನೆ ಕೈ ತೆಗೆದ. ಅವನ ಮುಖ ಕಿವಿಯ ತನಕ ಅರಳಿತ್ತು. ಮಾವ ಹಲ್ಲು ಕಚ್ಚಿ, ಸೀಟಿನಿಂದೆದ್ದು ನಿಂತು ತುಳಿದು, ಬೇಕರಿಯ ತಿರುವು ದಾಟಿ, ಅಂಗಡಿಯ ಮುಂದೆ ಕಾಲು ಊರಿದರು. ಮಾತಾಡಲು ಬಹಳ ಹೊತ್ತು ಉಸಿರು ಸಿಗಲಿಲ್ಲ. ಅಳಿಯ ಕೋಟು ಹಿಡಿದು ಪಕ್ಕದಲ್ಲಿ ಕಾಯುತ್ತ ನಿಂತ. ಸೈಕಲ್ಲು ಯಾರದು ಎಂಬ ಮಾತನ್ನು ಇಬ್ಬರೂ ಎತ್ತಲಿಲ್ಲ.

ಉಸಿರು ಬಂದ ಮೇಲೆ ಮಾವ ಅವನ ಭುಜ ತಟ್ಟಿದರು. "ನಾಳೆಯಿಂದ ನೀನು ಬಸ್ಸಲ್ಲಿ ಬಾ. ಎಡಗಡೆ ಕಿಟಕಿ ಹತ್ರ ಕೂತ್ಕೋ. ದಿಬ್ಬದಲ್ಲೆಲ್ಲಾದ್ರೂ ನಾನು ಸಿಗ್ತೀನಿ, ಕೈ ಬೀಸು."